ಗಳಗಂಡ ಮತ್ತು ಗಂಡಮಾಲೆ: ಕೊರಳಿನ ಎರಡು ಗಂಟುಗಳ ಕಥೆ

ಕೊರಳಿನ ಗಂಟಿಗೆ ಕನ್ನಡದಲ್ಲಿ ಎರಡು ಹಳೆಯ ಹೆಸರುಗಳಿವೆ. ಕೊರಳಿನ ಮುಂಭಾಗದಲ್ಲಿ, ಗಂಟಲಿನ ಉಬ್ಬಿನ ಕೆಳಗೆ ಊದಿಕೊಂಡರೆ ಅದು ಗಳಗಂಡ. ಕೊರಳಿನ ಪಕ್ಕದಲ್ಲಿ, ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಮಣಿ ಪೋಣಿಸಿದಂತೆ ಸಾಲಾಗಿ ಗಂಟು ಕಟ್ಟಿದರೆ ಅದು ಗಂಡಮಾಲೆ. ಮೊದಲನೆಯದು ಥೈರಾಯ್ಡ್ ಗ್ರಂಥಿಯ ಬಾವು. ಎರಡನೆಯದು ದುಗ್ಧಗ್ರಂಥಿಗಳ ಬಾವು. ಇವೆರಡೂ ಬೇರೆ ಬೇರೆ ರೋಗಗಳೆಂದೇ ಜನ ತಿಳಿದಿದ್ದರು, ವೈದ್ಯರೂ ಬಹುಕಾಲ ಹಾಗೆಯೇ ತಿಳಿದಿದ್ದರು. ಮುಂದಿನ ಗಂಟಿನ ಬೀಜವೇ ಕೆಲವೊಮ್ಮೆ ಪಕ್ಕದ ಗಂಟಾಗಿ ಮೊಳೆಯುತ್ತದೆ ಎಂಬುದು ವೈದ್ಯಲೋಕಕ್ಕೆ ಖಚಿತವಾಗಿ ಅರ್ಥವಾದದ್ದು 1940ರ ದಶಕದಲ್ಲಿ.

ಇದು ದೊಡ್ಡ ನಗರಗಳ ಆಸ್ಪತ್ರೆಗಷ್ಟೇ ಸಂಬಂಧಪಟ್ಟ ಇತಿಹಾಸವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ತುಮಕೂರು ಜಿಲ್ಲೆಯ ಈ ಒಣ ಸೀಮೆಯಲ್ಲಿ ಕೊರಳಿನ ಗಂಟು ಹೊತ್ತವರು ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿಗೆ, ತುಮಕೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದಾಗ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ರೋಗ ಥೈರಾಯ್ಡಿನಲ್ಲೇ ನಿಂತಿದೆಯೋ, ದುಗ್ಧಗ್ರಂಥಿಗೆ ಇಳಿದಿದೆಯೋ? ಉತ್ತರ ತಪ್ಪಿ ಕಡಿಮೆ ತೆಗೆದರೆ ರೋಗ ಮರಳಿ ಬರಬಹುದು. ಹೆಚ್ಚು ತೆಗೆದರೆ ದನಿ ಹೋಗಬಹುದು, ಜೀವನಪೂರ್ತಿ ಸುಣ್ಣದಂಶದ ಮಾತ್ರೆ ನುಂಗುವಂತಾಗಬಹುದು. ಈ ಒಂದು ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳ ಸೋಲು-ಗೆಲುವುಗಳಿವೆ.

ಹಳೆಯ ಗ್ರಂಥಗಳ ಕಣ್ಣಲ್ಲಿ

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಳಗಂಡಗಳನ್ನು ಒಂದೇ ಅಧ್ಯಾಯದಲ್ಲಿ ವಿವರಿಸಲಾಗಿದೆ. ಅನಂತರ ಬಂದ ಮಾಧವ ನಿದಾನ ಇವುಗಳ ಜೊತೆಗೆ ಗಂಡಮಾಲೆಯನ್ನೂ ಸೇರಿಸುತ್ತದೆ. ಬೋರೆಹಣ್ಣು, ನೆಲ್ಲಿಕಾಯಿ ಗಾತ್ರದ ಗಂಟುಗಳು ಕೊರಳು, ಕಂಕುಳು, ತೊಡೆಸಂದಿಗಳಲ್ಲಿ ಕಾಣಿಸಿಕೊಳ್ಳುತ್ತವೆ ಎಂಬ ಅದರ ವಿವರಣೆ ಇಂದಿನ ವೈದ್ಯರಿಗೂ ಗುರುತು ಸಿಗುವಂತಿದೆ. ಐದು ರೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು ಪ್ರಾಚೀನರ ಸೂಕ್ಷ್ಮ. ಆದರೆ ಒಂದರಿಂದ ಇನ್ನೊಂದು ಹುಟ್ಟುವ ದಾರಿ ಬರಿಗಣ್ಣಿಗೆ ಕಾಣುವಂಥದ್ದಲ್ಲ.

ಯೂರೋಪಿನಲ್ಲಿ ಗಂಡಮಾಲೆಗೆ ಅರಸನ ಕೈ ಸೋಕಿದರೆ ಸಾಕು ಎಂಬ ನಂಬಿಕೆ ಶತಮಾನಗಳ ಕಾಲ ಇತ್ತು. ಇಂಗ್ಲೆಂಡಿನ ಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಮಗುವಾಗಿದ್ದಾಗ, 1712ರಲ್ಲಿ, ಆನ್ ರಾಣಿಯ ಕೈ ಸೋಕಿಸಲು ಅವನನ್ನು ಲಂಡನ್ನಿಗೆ ಕರೆದೊಯ್ದಿದ್ದರು. ರೋಗ ವಾಸಿಯಾಗಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ಮೇಲೆ ಗಂಡಮಾಲೆಯ ಬಹುಪಾಲು ಪ್ರಕರಣಗಳು ಕೊರಳಿನ ದುಗ್ಧಗ್ರಂಥಿಗಳಿಗೆ ತಗಲಿದ ಕ್ಷಯವೆಂದು ಸ್ಪಷ್ಟವಾಯಿತು.

ಈ ಮಾತು ನಮ್ಮ ಸೀಮೆಗೆ ಇಂದಿಗೂ ಅನ್ವಯಿಸುತ್ತದೆ. ಭಾರತದಲ್ಲಿ ವಾರಗಟ್ಟಲೆ ಕರಗದೆ ನಿಂತ ಕೊರಳ ಪಕ್ಕದ ಗಂಟಿಗೆ ಕ್ಷಯ ಬಹು ಸಾಮಾನ್ಯ ಕಾರಣ. ಕ್ಷಯ, ಕುಷ್ಠ ರೋಗಿಗಳ ಆರೈಕೆಗೆ ಹೆಸರಾದ ಶ್ರೀರಾಮಕೃಷ್ಣ ಸೇವಾಶ್ರಮ ಇರುವುದು ಪಾವಗಡದಲ್ಲೇ. ಆದ್ದರಿಂದ ಇಲ್ಲಿನ ವೈದ್ಯರು ಇಂಥ ಗಂಟನ್ನು ಕಂಡೊಡನೆ ಮೊದಲು ಕ್ಷಯವನ್ನು ನೆನೆಯುವುದು ಸಹಜ, ಸರಿಯೂ ಹೌದು. ಆದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ ಮಾಡದೆ ಕೇವಲ ಅಂದಾಜಿನ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ, ಗಂಟು ಬೇರೆ ಜಾತಿಯದ್ದಾಗಿದ್ದಲ್ಲಿ ಕಾಲ ಕಳೆದುಹೋಗುತ್ತದೆ. ಕೊರಟಗೆರೆಯ ಸಿದ್ದರಬೆಟ್ಟ ಔಷಧ ಸಸ್ಯಗಳಿಗೆ ನಾಡಿನಲ್ಲೆಲ್ಲ ಹೆಸರಾದುದು. ಬೆಟ್ಟದ ಬೇರು-ನಾರಿನ ಮೇಲಿನ ಭಕ್ತಿ ಎಷ್ಟೇ ಇದ್ದರೂ, ಗಂಟಿನ ಜಾತಿ ಯಾವುದೆಂದು ತಿಳಿಯುವ ಮೊದಲೇ ಲೇಪ ಹಚ್ಚುವುದರಲ್ಲಿಯೂ ಇದೇ ಅಪಾಯವಿದೆ.

ಕೆರೆಯ ಸರಪಳಿ

ದುಗ್ಧಗ್ರಂಥಿ ಎಂದರೇನು? ರಕ್ತನಾಳಗಳಿಂದ ಸೋರಿದ ನೀರಿನಂಥ ರಸ ಅಂಗಾಂಗಗಳ ಸಂದುಗೊಂದುಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಬಸಿದು ಮತ್ತೆ ರಕ್ತಕ್ಕೆ ಸೇರಿಸಲು ದೇಹದಲ್ಲಿ ಕೂದಲೆಳೆಯಂಥ ಕಾಲುವೆಗಳ ಜಾಲವಿದೆ. ಆ ಕಾಲುವೆಗಳ ನಡುವೆ ಅಲ್ಲಲ್ಲಿ ಅವರೆಕಾಳಿನಂಥ ಪುಟ್ಟ ತಡೆಗಳಿವೆ. ಇವೇ ದುಗ್ಧಗ್ರಂಥಿಗಳು. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದನ್ನು ಹಳ್ಳಿಗರೆಲ್ಲ ಕಂಡಿದ್ದಾರೆ. ಕೊಳೆಯನ್ನು ತಡೆದು ನಿಲ್ಲಿಸಿದ ಗ್ರಂಥಿ ಊದಿಕೊಂಡ ಪರಿ ಅದು. ದೇಹದಲ್ಲಿ ಇಂಥ ನೂರಾರು ಗ್ರಂಥಿಗಳಿದ್ದು, ಅವುಗಳಲ್ಲಿ ಬಹು ದೊಡ್ಡ ಪಾಲು ಕೊರಳೊಂದರಲ್ಲೇ ಇದೆ. ಹಾಲಿನ ಬಣ್ಣದ ಈ ಕಾಲುವೆಗಳನ್ನು 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ನಾಯಿಯ ಹೊಟ್ಟೆಯಲ್ಲಿ ಕಂಡು ವಿವರಿಸಿದ.

ಕೆರೆಗಳನ್ನು ನಂಬಿ ಬದುಕಿದ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಮೇಲಿನ ಕೆರೆಯ ಹೂಳು ಮೊದಲು ಸೇರುವುದೂ ಅದೇ ಕೆಳಗಿನ ಕೆರೆಗೆ. ಥೈರಾಯ್ಡನ್ನು ಮೇಲಿನ ಕೆರೆ ಎಂದುಕೊಂಡರೆ, ಅದರ ಕೆಳಗೆ, ಶ್ವಾಸನಾಳದ ಎರಡೂ ಬದಿಯಲ್ಲಿರುವ ನಡುಕೊರಳಿನ ಗ್ರಂಥಿಗಳು ಮೊದಲ ಕೆರೆ. ಕೊರಳಿನ ದೊಡ್ಡ ಸಿರೆಯ ಉದ್ದಕ್ಕೂ ಇರುವ ಪಕ್ಕದ ಗ್ರಂಥಿಗಳು ಎರಡನೆಯ ಕೆರೆ. ಕ್ಯಾನ್ಸರಿನ ಜೀವಕೋಶ ಹೂಳಿನಂತೆ ಸಾಮಾನ್ಯವಾಗಿ ಈ ಕ್ರಮದಲ್ಲೇ ಇಳಿಯುತ್ತದೆ. ಆದರೆ ಹೋಲಿಕೆಗೂ ಒಂದು ಮಿತಿ ಇದೆ. ಕೆಲವರಲ್ಲಿ, ಅದರಲ್ಲೂ ಗಂಟು ಥೈರಾಯ್ಡಿನ ಮೇಲ್ತುದಿಯಲ್ಲಿದ್ದಾಗ, ರೋಗ ಮೊದಲ ಕೆರೆಯನ್ನು ಬಿಟ್ಟು ನೇರ ಎರಡನೆಯದಕ್ಕೆ ಹಾರುವುದುಂಟು.

ಎಲ್ಲ ಥೈರಾಯ್ಡ್ ಕ್ಯಾನ್ಸರೂ ಹೀಗೆ ಕಾಲುವೆ ಹಿಡಿಯುವುದಿಲ್ಲ. ಹತ್ತರಲ್ಲಿ ಸುಮಾರು ಎಂಟು ಪ್ರಕರಣಗಳು ಪ್ಯಾಪಿಲರಿ ಎಂಬ ಜಾತಿಯವು. ಇದು ನಿಧಾನವಾಗಿ ಬೆಳೆಯುವ, ದುಗ್ಧಗ್ರಂಥಿಗಳನ್ನು ಮೆಚ್ಚುವ ಜಾತಿ. ಫಾಲಿಕ್ಯುಲರ್ ಎಂಬ ಇನ್ನೊಂದು ಜಾತಿ ರಕ್ತನಾಳದ ಮೂಲಕ ಮೂಳೆಗೋ ಶ್ವಾಸಕೋಶಕ್ಕೋ ಹೋಗುವುದೇ ಹೆಚ್ಚು. ಊಟದಲ್ಲಿ ಅಯೋಡಿನ್ ಕೊರತೆ ಇರುವ ಸೀಮೆಗಳಲ್ಲಿ ಎರಡನೆಯ ಜಾತಿಯ ಪಾಲು ಹೆಚ್ಚಾಗಿಯೂ, ಅಯೋಡಿನ್ ಸಾಕಷ್ಟು ಸಿಗುವಲ್ಲಿ ಮೊದಲನೆಯದರ ಪಾಲು ಹೆಚ್ಚಾಗಿಯೂ ಕಂಡುಬಂದಿದೆ.

ಚಾಕುವಿಗೆ ಹೆದರಿದ ಕಾಲ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಥೈರಾಯ್ಡಿಗೆ ಕೈಹಾಕುವುದೆಂದರೆ ರೋಗಿಯನ್ನು ಕೊಲ್ಲುವುದೆಂದೇ ಅರ್ಥವಾಗಿತ್ತು. ರಕ್ತ ತುಂಬಿದ ಗ್ರಂಥಿ ಅದು. ಕೊಯ್ದರೆ ರಕ್ತ ನಿಲ್ಲುತ್ತಿರಲಿಲ್ಲ, ನಿಂತರೂ ಕೀವು ಬಿಡುತ್ತಿರಲಿಲ್ಲ. ಪ್ರಾಮಾಣಿಕನಾದ ಶಸ್ತ್ರವೈದ್ಯ ಇದರ ಗೋಜಿಗೆ ಹೋಗಲಾರ ಎಂಬರ್ಥದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಗ್ರಾಸ್ 1866ರಲ್ಲಿ ಬರೆದರು. ಯೂರೋಪಿನ ಮಹಾ ಶಸ್ತ್ರವೈದ್ಯರೆನಿಸಿದ ಥಿಯೊಡೋರ್ ಬಿಲ್ರೋತ್ ಅವರೇ ಜೂರಿಚ್‌ನಲ್ಲಿದ್ದಾಗ ನೂರಕ್ಕೆ ಸುಮಾರು ನಲವತ್ತು ರೋಗಿಗಳನ್ನು ಕಳೆದುಕೊಂಡು ಕೆಲಕಾಲ ಈ ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟರು.

ಚಿತ್ರ ಬದಲಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್. 1872ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಅವರು ಒಂದೊಂದು ರಕ್ತನಾಳವನ್ನೂ ಹುಡುಕಿ ಕಟ್ಟಿ, ಅವಸರವಿಲ್ಲದೆ ಕೊಯ್ಯುತ್ತಿದ್ದರು. ಬೆಟ್ಟದ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ ಗಳಗಂಡ ಮನೆಮನೆಯ ರೋಗವಾಗಿತ್ತು. ಜೀವಿತಾವಧಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಕೋಖರ್ ಸಾವಿನ ಪ್ರಮಾಣವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಆದರೆ ಗೆಲುವಿನ ಒಳಗೇ ಒಂದು ಸೋಲು ಅಡಗಿತ್ತು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರನ್ನು ಕೋಖರ್ ಕೆಲ ವರ್ಷಗಳ ನಂತರ ಕರೆಸಿ ನೋಡಿದರು. ಹೆಚ್ಚಿನವರ ಮುಖ ಊದಿತ್ತು, ಚರ್ಮ ಒಣಗಿತ್ತು, ಬುದ್ಧಿ ಮಂದವಾಗಿತ್ತು, ಮಕ್ಕಳಾಗಿದ್ದವರ ಬೆಳವಣಿಗೆ ನಿಂತಿತ್ತು. ದೇಹಕ್ಕೆ ಥೈರಾಯ್ಡಿನ ರಸ ಬೇಕೇ ಬೇಕೆಂಬುದು ಇದರಿಂದ ತಿಳಿಯಿತು. 1883ರಲ್ಲಿ ಅವರು ಇದನ್ನು ಮುಚ್ಚಿಡದೆ ಸಭೆಯ ಮುಂದಿಟ್ಟದ್ದು ವೈದ್ಯ ಇತಿಹಾಸದಲ್ಲಿ ಸ್ಮರಣೀಯ. ಇದಕ್ಕೆ ಪರಿಹಾರ ಸಿಕ್ಕಿದ್ದು ಕುರಿಯಿಂದ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಇಂಥ ಲಕ್ಷಣಗಳಿದ್ದ ಮಹಿಳೆಯೊಬ್ಬರನ್ನು ಉಳಿಸಿದರು. ಆಕೆ ಮತ್ತೆ 28 ವರ್ಷ ಬದುಕಿದರು. ಶಿರಾ, ಪಾವಗಡಗಳ ಕುರಿಗಾಹಿಗಳಿಗೆ ಈ ಸಂಗತಿ ಹೆಮ್ಮೆ ತರಬಹುದು. ಇಂದು ಅದರ ಜಾಗದಲ್ಲಿ ಕೃತಕವಾಗಿ ತಯಾರಿಸಿದ ಥೈರಾಕ್ಸಿನ್ ಮಾತ್ರೆ ಬಂದಿದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಈ ಸಣ್ಣ ಮಾತ್ರೆ ನಮ್ಮ ಅನೇಕ ಮನೆಗಳಿಗೆ ಪರಿಚಿತ.

ಬಿಲ್ರೋತ್ ರೋಗಿಗಳ ಕಷ್ಟ ಬೇರೆಯಾಗಿತ್ತು. ಅವರ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಸುಣ್ಣದಂಶವನ್ನು ಕಾಯುತ್ತವೆ. ಅವು ಹಾಳಾದರೆ ಹೀಗಾಗುತ್ತದೆ. ಈ ಗ್ರಂಥಿಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರಿಚರ್ಡ್ ಓವೆನ್ ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ ಮೊದಲು ಗುರುತಿಸಿದರೆಂಬುದು ಸ್ವಾರಸ್ಯದ ಸಂಗತಿ. ಮನುಷ್ಯರಲ್ಲಿ ಅದನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರಾಮ್.

ದಾರಿ ತಪ್ಪಿದ ಥೈರಾಯ್ಡ್

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ವೈದ್ಯರನ್ನು ಕಾಡಿದ ಒಗಟೊಂದಿತ್ತು. ಕೊರಳಿನ ಪಕ್ಕದ ಗಂಟನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೊಮ್ಮೆ ಅದರೊಳಗೆ ಥೈರಾಯ್ಡಿನ ಅಂಶ ಕಾಣುತ್ತಿತ್ತು. ಮುಂದಿನ ಥೈರಾಯ್ಡನ್ನು ಮುಟ್ಟಿ ನೋಡಿದರೆ ಅಲ್ಲಿ ಏನೂ ಇಲ್ಲ! ಹುಟ್ಟುವ ಮೊದಲೇ ಥೈರಾಯ್ಡಿನ ಚೂರೊಂದು ದಾರಿ ತಪ್ಪಿ ಪಕ್ಕಕ್ಕೆ ಬಂದು ನೆಲೆಸಿದೆ ಎಂದು ಅನೇಕರು ತೀರ್ಮಾನಿಸಿದರು. ಇದು ನಿರಪಾಯಕಾರಿ ಎಂದು ತಿಳಿದು ಪಕ್ಕದ ಗಂಟನ್ನಷ್ಟೇ ತೆಗೆದು ರೋಗಿಯನ್ನು ಮನೆಗೆ ಕಳಿಸುತ್ತಿದ್ದರು.

1942ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕಿಂಗ್ ಮತ್ತು ಪೆಂಬರ್ಟನ್ ಈ ನಂಬಿಕೆಯನ್ನು ಪ್ರಶ್ನಿಸಿದರು. 1948ರಲ್ಲಿ ನ್ಯೂಯಾರ್ಕಿನ ವೈದ್ಯರು ಇಂಥವರ ಥೈರಾಯ್ಡನ್ನು ತೆಳು ಪದರಗಳಾಗಿ ಕೊಯ್ದು ಪರೀಕ್ಷಿಸುವುದರ ಮಹತ್ವವನ್ನು ತೋರಿಸಿದರು. ಕೈಗೆ ಸಿಗದ, ಕಾಳಿನಷ್ಟು ಚಿಕ್ಕ ಕ್ಯಾನ್ಸರ್ ಒಳಗೆ ಅಡಗಿರುತ್ತಿತ್ತು. ದಾರಿ ತಪ್ಪಿದ ಥೈರಾಯ್ಡ್ ಎಂದು ಕರೆದದ್ದು ವಾಸ್ತವವಾಗಿ ದುಗ್ಧಗ್ರಂಥಿಗೆ ಇಳಿದ ಪ್ಯಾಪಿಲರಿ ಕ್ಯಾನ್ಸರ್ ಆಗಿತ್ತು. ಗಳಗಂಡಕ್ಕೂ ಗಂಡಮಾಲೆಗೂ ನಂಟಿದೆ ಎಂಬುದು ಹೀಗೆ ಸಾಬೀತಾಯಿತು.

ಈ ತಪ್ಪು ತಿಳಿವಳಿಕೆ ಇಷ್ಟು ಕಾಲ ಉಳಿದದ್ದಕ್ಕೂ ಒಂದು ಕಾರಣವಿತ್ತು. ಪಕ್ಕದ ಗಂಟನ್ನಷ್ಟೇ ತೆಗೆಸಿಕೊಂಡವರಲ್ಲಿ ಅನೇಕರು ವರ್ಷಗಟ್ಟಲೆ ಆರೋಗ್ಯವಾಗಿಯೇ ಇದ್ದರು. ಕ್ಯಾನ್ಸರ್ ಹರಡಿದೆ ಎಂದರೆ ಸಾವು ಹತ್ತಿರ ಎಂಬ ಲೆಕ್ಕ ಇಲ್ಲಿ ಕೂಡುತ್ತಿರಲಿಲ್ಲ.

ಅಪ್ಪ ಹಾಕಿದ ದಾರಿ, ಮಗ ಹಿಡಿದ ದಾರಿ

ಕ್ಲೀವ್‌ಲೆಂಡಿನ ಜಾರ್ಜ್ ಕ್ರೈಲ್ 1906ರಲ್ಲಿ 132 ಶಸ್ತ್ರಚಿಕಿತ್ಸೆಗಳ ಅನುಭವ ಬರೆದರು. ಬಾಯಿ, ಗಂಟಲಿನ ಕ್ಯಾನ್ಸರ್ ಕೊರಳಿನ ಗ್ರಂಥಿಗಳಿಗೆ ಇಳಿದಾಗ ಒಂದೊಂದನ್ನೇ ಹೆಕ್ಕುವುದು ಸಾಲದು. ಆ ಬದಿಯ ದೊಡ್ಡ ಸ್ನಾಯು, ದೊಡ್ಡ ಸಿರೆ, ಹೆಗಲಿನ ನರ ಸಹಿತ ಇಡೀ ಗಂಟನ್ನು ಒಟ್ಟಾಗಿ ತೆಗೆಯಬೇಕು ಎಂಬುದು ಅವರ ವಾದ. 1951ರಲ್ಲಿ ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ಈ ವಿಧಾನಕ್ಕೆ ಖಚಿತ ರೂಪ ಕೊಟ್ಟರು. ಥೈರಾಯ್ಡ್ ಕ್ಯಾನ್ಸರಿಗೂ ಇದನ್ನೇ ಬಳಸುವುದು ರೂಢಿಗೆ ಬಂತು. ರೋಗ ಹೋಯಿತು ನಿಜ. ಜೊತೆಗೆ ಕೊರಳು ಒಂದು ಕಡೆ ಗುಂಡಿ ಬಿದ್ದು, ಹೆಗಲು ಜೋತು, ಕೈ ಮೇಲೆತ್ತಲಾಗದೆ ಹೋಯಿತು. ತಲೆಯ ಮೇಲೆ ಹುಲ್ಲಿನ ಹೊರೆ ಹೊರುವವರಿಗೆ, ಬಾವಿಯಿಂದ ನೀರು ಸೇದುವವರಿಗೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಇದಕ್ಕೆ ದೊಡ್ಡ ದನಿಯಲ್ಲಿ ವಿರೋಧ ಎತ್ತಿದವರಲ್ಲಿ ಒಬ್ಬರು ಅದೇ ಕ್ರೈಲ್ ಅವರ ಮಗ, ಕಿರಿಯ ಜಾರ್ಜ್ ಕ್ರೈಲ್! ಪ್ಯಾಪಿಲರಿ ಕ್ಯಾನ್ಸರ್ ನಿಧಾನ ಸ್ವಭಾವದ್ದು, ಅದಕ್ಕಾಗಿ ಕೊರಳನ್ನು ವಿರೂಪಗೊಳಿಸುವುದು ತರವಲ್ಲ ಎಂದು ಅವರು ದಶಕಗಳ ಕಾಲ ವಾದಿಸಿದರು. ಇತ್ತ ಅರ್ಜೆಂಟೀನಾದ ಒಸ್ವಾಲ್ಡೊ ಸುಆರೆಜ್ 1963ರಲ್ಲಿ ಇನ್ನೊಂದು ದಾರಿ ತೋರಿಸಿದರು. ದುಗ್ಧಗ್ರಂಥಿಗಳು ಕೊಬ್ಬಿನೊಳಗೆ, ಪೊರೆಗಳ ನಡುವೆ ಇರುತ್ತವೆ. ಆ ಪೊರೆ ಹಿಡಿದು ಬಿಡಿಸಿದರೆ ಸ್ನಾಯು, ಸಿರೆ, ನರಗಳನ್ನು ಉಳಿಸಿಯೇ ಗ್ರಂಥಿಗಳನ್ನು ತೆಗೆಯಬಹುದು. ಇಟಲಿಯ ಎತ್ತೋರೆ ಬೊಕ್ಕಾ ಇದನ್ನು ಜಗತ್ತಿಗೆ ಪರಿಚಯಿಸಿದರು. ಕೊರಳನ್ನು ಒಂದರಿಂದ ಆರರವರೆಗೆ ವಲಯಗಳಾಗಿ ವಿಂಗಡಿಸುವ, ರೋಗ ಇರುವ ವಲಯವನ್ನಷ್ಟೇ ತೆಗೆಯುವ ಪದ್ಧತಿ 1991ರಲ್ಲಿ ಪ್ರಮಾಣೀಕೃತವಾಯಿತು. ಥೈರಾಯ್ಡಿನ ಸುತ್ತಲಿನ ನಡುಕೊರಳು ಇದರಲ್ಲಿ ಆರನೆಯ ವಲಯ.

ಮೇಜಿನ ಮೇಲಿನ ಅರ್ಧ ಗಂಟೆ

ಇಂದು ಪತ್ತೆಕಾರ್ಯ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗುತ್ತದೆ. ಅಲ್ಟ್ರಾಸೌಂಡ್ ಯಂತ್ರದಲ್ಲಿ ಆರೋಗ್ಯವಂತ ದುಗ್ಧಗ್ರಂಥಿ ಉದ್ದನೆಯ ಕಾಳಿನಂತೆ, ನಡುವೆ ಬಿಳಿ ಗೆರೆಯೊಡನೆ ಕಾಣುತ್ತದೆ. ಆಕಾರ ಗುಂಡಾಗಿ, ಬಿಳಿ ಗೆರೆ ಅಳಿಸಿ, ಒಳಗೆ ಸುಣ್ಣದ ಚುಕ್ಕಿಗಳೋ ನೀರ್ಗುಳ್ಳೆಯೋ ಕಂಡರೆ ಸಂಶಯ. ಆಗ ತೆಳು ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸುತ್ತಾರೆ. ಸೂಜಿ ತೊಳೆದ ನೀರಿನಲ್ಲಿ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನು ಹೆಚ್ಚು ಸಿಕ್ಕರೂ ಪಕ್ಕದ ಗಂಟಿಗೆ ಥೈರಾಯ್ಡಿನ ಬೀಜ ಬಿದ್ದಿದೆ ಎಂದೇ ಅರ್ಥ. ಪಕ್ಕದ ವಲಯಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಆದರೆ ನಡುಕೊರಳಿನ ಗ್ರಂಥಿಗಳು ಥೈರಾಯ್ಡಿನ ಮರೆಯಲ್ಲೇ ಇರುವುದರಿಂದ ಯಂತ್ರದ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಅವುಗಳ ತೀರ್ಪು ಬಹುಪಾಲು ಮೇಜಿನ ಮೇಲೆಯೇ ಆಗಬೇಕು.

ಅಲ್ಲಿ ಶಸ್ತ್ರವೈದ್ಯರ ಮೊದಲ ಸಾಧನ ಕಣ್ಣು ಮತ್ತು ಬೆರಳು. ಗ್ರಂಥಿ ಗಟ್ಟಿಯಾಗಿದೆಯೇ, ಕಪ್ಪು-ನೀಲಿ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುತ್ತಾರೆ. ಧ್ವನಿಪೆಟ್ಟಿಗೆಯ ಮುಂದೆ ಒಂದು ಪುಟ್ಟ ಗ್ರಂಥಿ ಇರುತ್ತದೆ. ಕೊರಳು ತೆರೆದೊಡನೆ ಮೊದಲು ಕಣ್ಣಿಗೆ ಬೀಳುವ ಇದು ಒಳಗಿನ ರೋಗದ ಸೂಚನೆ ಕೊಡುತ್ತದೆಂದು, ಭವಿಷ್ಯ ನುಡಿಯುತ್ತಿದ್ದ ಗ್ರೀಸಿನ ಡೆಲ್ಫಿ ದೇಗುಲದ ಹೆಸರನ್ನು 1940ರ ದಶಕದಲ್ಲಿ ಇದಕ್ಕೆ ಇಟ್ಟರು. ಹೆಸರು ಸೂಚಿಸಿದವನು ಹಾರ್ವರ್ಡ್ ವೈದ್ಯಶಾಲೆಯ ಒಬ್ಬ ವಿದ್ಯಾರ್ಥಿ. ಆದರೆ ಕಣಿ ಕೇಳಿ ಕೊರಳು ಕೊಯ್ಯುವಂತಿಲ್ಲ. ಬೆರಳಿಗೆ ಮೆತ್ತಗೆ ಸಿಕ್ಕ ಗ್ರಂಥಿಯಲ್ಲೂ ರೋಗವಿರಬಹುದು, ಊದಿದ ಗ್ರಂಥಿಯಲ್ಲಿ ಏನೂ ಇಲ್ಲದಿರಬಹುದು.

ಆಗ ನೆರವಿಗೆ ಬರುವುದು ಹಿಮಗಟ್ಟಿಸಿದ ಪದರದ ಪರೀಕ್ಷೆ. ಇದನ್ನು 1905ರ ಚಳಿಗಾಲದಲ್ಲಿ ಮೇಯೋ ಕ್ಲಿನಿಕ್‌ನ ಲೂಯಿ ವಿಲ್ಸನ್ ರೂಢಿಗೆ ತಂದರು. ರೋಗಿ ಮೇಜಿನ ಮೇಲೆ ಇರುವಾಗಲೇ ಗಂಟಿನ ಜಾತಿ ತಿಳಿಸಲಾಗದೇ ಎಂದು ಶಸ್ತ್ರವೈದ್ಯ ವಿಲಿಯಂ ಮೇಯೋ ಕೇಳಿದ್ದೇ ಇದಕ್ಕೆ ಪ್ರೇರಣೆ. ತೆಗೆದ ಗ್ರಂಥಿಯನ್ನು ತಕ್ಷಣ ಗಡ್ಡೆಕಟ್ಟಿಸಿ, ಕಾಗದಕ್ಕಿಂತ ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಲು ಸುಮಾರು ಅರ್ಧ ಗಂಟೆ ಸಾಕು. ರೋಗಿ ಅರಿವಳಿಕೆಯಲ್ಲಿರುವಾಗಲೇ ಫಲಿತಾಂಶ ಬರುತ್ತದೆ. ರೋಗ ಇದ್ದರೆ ಆ ವಲಯವನ್ನು ಪೂರ್ತಿ ತೆರವು ಮಾಡುತ್ತಾರೆ, ಇಲ್ಲದಿದ್ದರೆ ಸುಮ್ಮನೆ ಮುಚ್ಚುತ್ತಾರೆ. ಮೊದಲ ಕೆರೆಯ ನೀರು ನೋಡಿ ಮುಂದಿನ ಕೆರೆಯ ಸ್ಥಿತಿ ಊಹಿಸುವ ‘ಕಾವಲು ಗ್ರಂಥಿ’ ಪರೀಕ್ಷೆಯನ್ನೂ 1998ರಿಂದ ಥೈರಾಯ್ಡಿನಲ್ಲಿ ಪ್ರಯೋಗಿಸಲಾಗಿದೆ. ಚೀನಾದಲ್ಲಿ ಇಂಗಾಲದ ಅತಿಸೂಕ್ಷ್ಮ ಕಣಗಳನ್ನು ಥೈರಾಯ್ಡಿಗೆ ಚುಚ್ಚಿ ದುಗ್ಧಗ್ರಂಥಿಗಳನ್ನು ಕಪ್ಪಾಗಿಸುತ್ತಾರೆ. ಕಪ್ಪಾಗದೆ ಉಳಿಯುವ ಪ್ಯಾರಾಥೈರಾಯ್ಡ್ ಇದರಿಂದ ಸುಲಭವಾಗಿ ಗುರುತು ಸಿಗುತ್ತದೆ.

ಅನುಮಾನವಿದ್ದರೆ ಎಲ್ಲವನ್ನೂ ತೆಗೆದುಬಿಡಬಾರದೇ ಎಂಬ ಪ್ರಶ್ನೆ ಏಳಬಹುದು. ಆರನೆಯ ವಲಯದಲ್ಲಿ ಪ್ಯಾರಾಥೈರಾಯ್ಡುಗಳ ಜೊತೆಗೆ ದನಿಯ ನರವೂ ಇದೆ. ಎದೆಯವರೆಗೆ ಇಳಿದು ಮತ್ತೆ ಮೇಲಕ್ಕೆ ಮರಳುವ ಈ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಎರಡೂ ಕಡೆಯದು ಕೆಟ್ಟರೆ ಉಸಿರಾಟಕ್ಕೇ ಕಷ್ಟ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಜುಂಜಪ್ಪನ ನೆಲೆ. ಕಾಡುಗೊಲ್ಲರು ಗಣೆ ಊದಿ, ರಾತ್ರಿಗಟ್ಟಲೆ ಹಾಡಿ ಆ ಕಾವ್ಯವನ್ನು ಉಳಿಸಿಕೊಂಡು ಬಂದಿದ್ದಾರೆ. ಅಂಥ ಗಾಯಕರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ, ಶಾಲೆಯ ಶಿಕ್ಷಕಿಗೆ ದನಿಯೇ ಅನ್ನ. ಥೈರಾಯ್ಡ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಮೂರು ಪಟ್ಟಿನಷ್ಟು ಹೆಚ್ಚು. ಅದರಲ್ಲೂ ದುಡಿಯುವ ವಯಸ್ಸಿನವರಲ್ಲಿ.

ಹರಡಿದರೂ ಹೆದರಬೇಡಿ

ಇಲ್ಲಿ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಸಂಗತಿಯೊಂದಿದೆ. ಪ್ಯಾಪಿಲರಿ ಕ್ಯಾನ್ಸರಿನವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕೈಗೋ ಯಂತ್ರಕ್ಕೋ ಸಿಗುವಷ್ಟು ಗ್ರಂಥಿ ಬಾವು ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲೂ ಸಿಗಬಹುದು. ಆದರೂ ಬಹುಪಾಲು ಜನ ದೀರ್ಘಕಾಲ ಬದುಕುತ್ತಾರೆ. 2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಹಂತ ನಿರ್ಣಯದ ಪ್ರಕಾರ ಇಂಥ ಕ್ಯಾನ್ಸರಿನಲ್ಲಿ ರೋಗಿಗೆ 55 ವರ್ಷ ತುಂಬಿಲ್ಲದಿದ್ದರೆ, ಕೊರಳಿನ ದುಗ್ಧಗ್ರಂಥಿಗೆ ಹರಡಿದ್ದರೂ ಅದು ಮೊದಲನೆಯ ಹಂತವೇ! ಬೇರೆ ಕ್ಯಾನ್ಸರುಗಳಲ್ಲಿ ಇಂಥ ನಿಯಮ ಕಾಣಸಿಗುವುದಿಲ್ಲ. ಗ್ರಂಥಿಗೆ ಇಳಿದ ರೋಗ ಜೀವಕ್ಕಿಂತ ಹೆಚ್ಚಾಗಿ ಮರುಕಳಿಸುವಿಕೆಯ ಪ್ರಶ್ನೆ. ಅಲ್ಲಿಯೂ ಗಾತ್ರ ಮುಖ್ಯ. ಎರಡು ಮಿಲಿಮೀಟರಿಗಿಂತ ಚಿಕ್ಕ ಬೀಜ ನಾಲ್ಕಾರು ಗ್ರಂಥಿಯಲ್ಲಿದ್ದರೆ ಅಪಾಯ ಅತ್ಯಲ್ಪ, ಮೂರು ಸೆಂಟಿಮೀಟರು ಮೀರಿದ ಗ್ರಂಥಿ ಇದ್ದರೆ ಹೆಚ್ಚು.

ಅತಿಯಾಗಿ ಹುಡುಕುವುದರ ಅಪಾಯವನ್ನು ದಕ್ಷಿಣ ಕೊರಿಯಾ ತೋರಿಸಿಕೊಟ್ಟಿತು. ಅಲ್ಲಿ 1999ರಲ್ಲಿ ಶುರುವಾದ ಕ್ಯಾನ್ಸರ್ ತಪಾಸಣೆಯ ಜೊತೆಗೆ ಕೊರಳಿನ ಅಲ್ಟ್ರಾಸೌಂಡ್ ಕೂಡ ರೂಢಿಗೆ ಬಂದು, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಸಾವಿರಾರು ಜನ ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಿಂದಲೇ ಒಂದು ಸೆಂಟಿಮೀಟರಿಗಿಂತ ಚಿಕ್ಕ, ಗ್ರಂಥಿಗೆ ಹರಡದ ಗಂಟುಗಳನ್ನು ಕೊಯ್ಯದೆ ವರ್ಷವರ್ಷ ಗಮನಿಸುತ್ತ ಬಂದಿದೆ. ಹೆಚ್ಚಿನವು ಬೆಳೆಯಲೇ ಇಲ್ಲ.

ಶಸ್ತ್ರಚಿಕಿತ್ಸೆಯ ಅನಂತರ ಉಳಿದ ಬೀಜವನ್ನು ಹುಡುಕಿ ಸುಡಲು ವಿಕಿರಣ ಅಯೋಡಿನ್ ಇದೆ. ಥೈರಾಯ್ಡಿನ ಜೀವಕೋಶ ಎಲ್ಲಿದ್ದರೂ ಅಯೋಡಿನ್ ಹೀರುತ್ತದೆ ಎಂಬ ಗುಣವೇ ಇದಕ್ಕೆ ಆಧಾರ. ಸೈಡ್ಲಿನ್ ಮತ್ತು ಸಂಗಡಿಗರು 1946ರಲ್ಲಿ ಇದರ ಮೊದಲ ಯಶಸ್ಸನ್ನು ವರದಿ ಮಾಡಿದರು. ಭಾರತದಲ್ಲಿ 1963ರಲ್ಲಿ ಮುಂಬೈಯಲ್ಲಿ ವಿಕಿರಣ ವೈದ್ಯ ಕೇಂದ್ರ ಸ್ಥಾಪನೆಯಾಗಿ ಈ ಚಿಕಿತ್ಸೆ ಬೇರೂರಿತು. ಔಷಧ ಕುಡಿದವರು ಕೆಲ ದಿನ ಪ್ರತ್ಯೇಕವಾಗಿರಬೇಕು, ಮಕ್ಕಳು ಮತ್ತು ಗರ್ಭಿಣಿಯರಿಂದ ದೂರವಿರಬೇಕು.

ನಾಲ್ಕು ತಾಲ್ಲೂಕುಗಳಿಗೆ ಇದರ ಪಾಠ

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಹಿರಿಯ ಸರ್ಕಾರಿ ನೆಲೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತ ಇದು 1973ರಲ್ಲಿ ಆರಂಭವಾಗಿ, 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಬೆಂಗಳೂರು ದಾಖಲೆ ನಡೆಯುತ್ತಿರುವುದೂ ಇಲ್ಲಿಯೇ. ಆ ಜನಸಂಖ್ಯಾ ದಾಖಲೆಯ ಎಲ್ಲೆ ಬೆಂಗಳೂರು ನಗರ ಪ್ರದೇಶ. ಪಾವಗಡದ ಹಳ್ಳಿಯ ರೋಗಿ ಆಸ್ಪತ್ರೆಯ ಪುಸ್ತಕದಲ್ಲಿ ಕಂಡರೂ ಆ ನಗರ ಲೆಕ್ಕದಲ್ಲಿ ಸೇರುವುದಿಲ್ಲ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ಬಸ್ಸಿನ ಖರ್ಚು, ಕೂಲಿಯ ನಷ್ಟ, ಜೊತೆಗೆ ಬರುವವರ ಊಟ-ವಸತಿ ರೋಗಿಯ ಹೆಗಲಿಗೇ ಬೀಳುತ್ತವೆ. ಒಂದೇ ಸಲಕ್ಕೆ ಸರಿಯಾದ ತೀರ್ಪಿನೊಡನೆ ಶಸ್ತ್ರಚಿಕಿತ್ಸೆ ಮುಗಿಯುವುದು ಇಂಥವರಿಗೆ ದೊಡ್ಡ ಉಪಕಾರ. ಎರಡನೆಯ ಬಾರಿ ಅದೇ ಕೊರಳನ್ನು ತೆರೆಯುವುದು ಗಾಯದ ಕಲೆಗಳ ನಡುವೆ ನರ ಹುಡುಕುವ ಕೆಲಸ. ಅಪಾಯವೂ ಹೆಚ್ಚು, ಖರ್ಚೂ ಹೆಚ್ಚು.

ಉಪ್ಪಿನ ವಿಷಯವನ್ನೂ ಇಲ್ಲಿ ಹೇಳಬೇಕು. 1950ರ ದಶಕದಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಉಪ್ಪು ಗಳಗಂಡವನ್ನು ತಡೆಯುತ್ತದೆಯೇ ಹೊರತು ಎಲ್ಲ ಥೈರಾಯ್ಡ್ ಕ್ಯಾನ್ಸರನ್ನೂ ತಡೆಯುವುದಿಲ್ಲ. ನೀರಿನ ಫ್ಲೋರೈಡಿನಿಂದ ಹಲ್ಲು ಕಂದುವುದನ್ನು ಪಾವಗಡ, ಶಿರಾ, ಮಧುಗಿರಿಗಳ ಜನ ನೋಡಿದೊಡನೆ ಗುರುತಿಸುತ್ತಾರೆ. ಕೊರಳಿನ ಗಂಟಿಗೆ ಅಂಥ ಅರಿವು ಇನ್ನೂ ಬರಬೇಕಾಗಿದೆ.

ಗಂಟು ಮೂರು ವಾರ ಮೀರಿ ಉಳಿದರೆ, ನುಂಗಿದಾಗ ಮೇಲೆ ಕೆಳಗೆ ಚಲಿಸುವ ಮುಂದಿನ ಗಂಟು ಗಟ್ಟಿಯಾಗುತ್ತ ಬೆಳೆದರೆ, ದನಿ ಕಾರಣವಿಲ್ಲದೆ ಒಡೆದರೆ ವೈದ್ಯರಿಗೆ ತೋರಿಸಬೇಕು. ಪಕ್ಕದ ಗಂಟಿಗೆ ಸೂಜಿ ಪರೀಕ್ಷೆ ಆಗಿದೆಯೇ, ಮುಂದಿನ ಥೈರಾಯ್ಡನ್ನೂ ನೋಡಿದ್ದಾರೆಯೇ ಎಂದು ಕೇಳುವುದು ರೋಗಿಯ ಹಕ್ಕು. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮೊದಲು ಯಾವ ವಲಯದ ಗ್ರಂಥಿ ತೆಗೆಯುತ್ತಾರೆ, ಏಕೆ ತೆಗೆಯುತ್ತಾರೆ, ದನಿಗೂ ಸುಣ್ಣದಂಶಕ್ಕೂ ಏನಾಗಬಹುದು ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಎಷ್ಟು ತೆಗೆಯಬೇಕೆಂಬ ಪ್ರಶ್ನೆಗೆ ಕೋಖರ್ ಕಾಲದಿಂದ ವೈದ್ಯರೇ ತಮ್ಮ ಉತ್ತರವನ್ನು ಹಲವು ಬಾರಿ ತಿದ್ದಿಕೊಂಡಿದ್ದಾರೆ. ಆ ತಿದ್ದುಪಡಿಗಳ ಫಲ ಬೆಂಗಳೂರಿನವರಿಗೆ ಸಿಕ್ಕಷ್ಟೇ ಪಾವಗಡದವರಿಗೂ ಸಿಗಬೇಕು.